ಕಿಟಕಿ ಪಕ್ಕದ ಮಂಚ

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ಅವನು ಮನೆಗೆ ಬರುವ ಮಾತನ್ನೇ ಆಡುತ್ತಿದ್ದಳು. ಕೋಟಿನ ಗುಂಡಿಗೆ ಜೋಡಿ ಹುಡುಕಿಕೊಂಡು ಅವಳ ಗುಂಡಿ-ದಾರದ ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬಳು, ನಿಮ್ಮ ತಮ್ಮ ಹೇಗಿದ್ದಾರೆ ಎಂದು ಕೇಳಿದ್ದಳು. ಅಕ್ಕನಿಗೆ ಅಷ್ಟೇ ಸಾಕಾಗಿತ್ತು. ಕೈ ಖಾನೆಯಲ್ಲಿ ಗುಂಡಿ ಹುಡುಕುತ್ತಿದ್ದರೆ ಬಾಯಿ ಆಸ್ಪತ್ರೆಯ ಕಥೆ ಹೇಳುತ್ತಿತ್ತು. ರಕ್ತದ ಲೆಕ್ಕ ಇಳಿದಿದೆ, ನಿನ್ನೆ ಕಿಟಕಿ ಪಕ್ಕದ ಮಂಚಕ್ಕೆ ತಂದಿದ್ದಾರೆ, ಆ ಮಂಚಕ್ಕೆ ಬಂದವರು ಅರ್ಧ ಮನೆಗೆ ಬಂದ ಹಾಗೆಯೇ. ಈ ವಾರ ಕಳೆಯುವುದರೊಳಗೆ ಅವನು ಬಂದು ಈ ಸ್ಟೂಲಿನ ಮೇಲೆ ಕೂತು ನನ್ನ ತಲೆ ತಿನ್ನಲು ಶುರುಮಾಡುತ್ತಾನೆ, ನೋಡುತ್ತಿರಿ ಎಂದಳು.

ಆಗ ತಮ್ಮನ ಮಗ ಬಂದ. ಹುಟ್ಟಿದಾಗಿನಿಂದ ಓಡುವುದೊಂದನ್ನೇ ಬಲ್ಲ ಹುಡುಗ ಅವನು. ಈಗ ಮೂವತ್ತು ದಾಟಿದ್ದರೂ ಮನೆಯವರಿಗೆಲ್ಲ ಅವನು ಗಡಿಬಿಡಿಯೇ. ಬೀದಿಯ ಆ ತುದಿಯಿಂದಲೇ ಅತ್ತೆ ಎಂದು ಕೂಗಿಕೊಂಡು ಬರುವುದು ಅವನ ಪದ್ಧತಿ. ಇವತ್ತು ಕೂಗಲಿಲ್ಲ. ಅಂಗಡಿಯ ಮೆಟ್ಟಿಲಿನವರೆಗೆ ನಡೆದು ಬಂದು, ಗಿರಾಕಿಯನ್ನೂ ಅಕ್ಕನನ್ನೂ ನೋಡದೆ, ಗೋಡೆಯ ಮೇಲಿನ ದಾರದ ಉಂಡೆಗಳನ್ನು ನೋಡುತ್ತ ನಿಂತುಬಿಟ್ಟ. ಅವನು ನಿಧಾನವಾಗಿ ನಡೆದದ್ದನ್ನು ಅಕ್ಕ ಅದೇ ಮೊದಲು ನೋಡಿದ್ದು. ಅವನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯಿತು.

"ಅತ್ತೆ, ಅಂಗಡಿ ಮುಚ್ಚಿ," ಎಂದ.

ಅಕ್ಕ ಅಳಲಿಲ್ಲ. ಗುಂಡಿಗಳನ್ನು ಅವುಗಳ ಖಾನೆಗೆ ಹಾಕಿದಳು, ಬಾಗಿಲೆಳೆದಳು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ ಗಡಿಬಿಡಿ ಬಿಕ್ಕಿ ಬಿಕ್ಕಿ ಹೇಳಿದ. ಬೆಳಗಿನ ರಕ್ತ ತೆಗೆಯಲು ಹೋದ ಸಿಸ್ಟರು ನೋಡಿದರಂತೆ, ಆಗಲೇ ಮೈ ತಣ್ಣಗಾಗಿತ್ತಂತೆ. ಹತ್ತಿರ ಯಾರೂ ಇರಲಿಲ್ಲ. ಇರಲು ಬಿಟ್ಟಿರಲೂ ಇಲ್ಲ. ಕಿಟಕಿ ಕಡೆಯ ಮಂಚದವರು ಚೇತರಿಸಿಕೊಳ್ಳುತ್ತಿರುವವರಾದ್ದರಿಂದ ಅವರಿಗೆ ರಾತ್ರಿ ಜೊತೆಗಾರರು ಬೇಕಿಲ್ಲ ಎಂದು ಹಿಂದಿನ ಸಂಜೆ ಇವನನ್ನು ಮನೆಗೆ ಕಳಿಸಿದ್ದರು. ಇವನೂ ಖುಷಿಯಿಂದಲೇ ಬಂದಿದ್ದ. ಬಂದವನು ನೆಂಟರಿಷ್ಟರಿಗೆಲ್ಲ ಫೋನಿನಲ್ಲಿ ಸುದ್ದಿ ಕಳಿಸಿದ್ದ: ಅಪ್ಪನ ಲೆಕ್ಕ ಎರಡು ಸಾವಿರಕ್ಕೆ ಇಳಿದಿದೆ, ಕಿಟಕಿ ಸಿಕ್ಕಿದೆ.

ಆ ವಾರ್ಡಿನ ಕ್ರಮವನ್ನು ಇಲ್ಲಿ ಹೇಳಬೇಕು. ಅದು ತಿಳಿಯದಿದ್ದರೆ ಅಕ್ಕನ ಸಿಟ್ಟು ತಿಳಿಯುವುದಿಲ್ಲ.

ಅದು ಉದ್ದನೆಯ ಹಜಾರ. ಬಾಗಿಲ ಬಳಿ ಸಿಸ್ಟರುಗಳ ಮೇಜು, ಎದುರು ತುದಿಯಲ್ಲಿ ಒಂದು ದೊಡ್ಡ ಕಿಟಕಿ, ನಡುವೆ ಗಾಲಿ ಇರುವ ಮಂಚಗಳ ಎರಡು ಸಾಲು. ಆ ಚಳಿಗಾಲದಲ್ಲಿ ನ್ಯುಮೋನಿಯಾದ ರೋಗಿಗಳು ಹಿಂಡುಹಿಂಡಾಗಿ ಬಂದು ಬಿದ್ದಿದ್ದರು. ಐಸಿಯುವಿನಲ್ಲಿ ಇದ್ದದ್ದೇ ಬೆರಳೆಣಿಕೆಯ ಜಾಗ. ಎಲ್ಲರ ಮೇಲೂ ಕಣ್ಣಿಡಲು ಸಿಸ್ಟರುಗಳಿಗೆ ಹತ್ತು ತಲೆಗಳಿಲ್ಲ. ಆದ್ದರಿಂದ ದೊಡ್ಡ ಡಾಕ್ಟರು ಒಂದು ಉಪಾಯ ಮಾಡಿದ್ದರು. ಬೆಳಿಗ್ಗೆ ಎಲ್ಲರ ರಕ್ತ ತೆಗೆದು ಬಿಳಿ ಕಣಗಳನ್ನು ಎಣಿಸುವುದು. ಲೆಕ್ಕ ಬಂದ ಮೇಲೆ ಮಂಚಗಳನ್ನು ತಳ್ಳಿ ಜಾಗ ಬದಲಿಸುವುದು. ಸೋಂಕು ಜೋರಾದಷ್ಟೂ ಬಿಳಿ ಕಣ ಏರುತ್ತದೆ ತಾನೆ? ಹೆಚ್ಚು ಇದ್ದವರು ಮೇಜಿನ ಬಳಿ, ಗೋಡೆಯ ಆಕ್ಸಿಜನ್ ಕೊಳವೆಗೆ ಹತ್ತಿರ, ಡಾಕ್ಟರು ಮೊದಲು ನೋಡುವ ಕಡೆ. ಕಡಿಮೆ ಇದ್ದವರು ಕಿಟಕಿಯ ಕಡೆ. ಅಲ್ಲಿಗೆ ದೊಡ್ಡ ಡಾಕ್ಟರು ತಲುಪುವ ಹೊತ್ತಿಗೆ ಅವರನ್ನು ಯಾರಾದರೂ ಬೇರೆ ಕಡೆ ಕರೆದಿರುತ್ತಿದ್ದರು. ಈ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದರು.

ರೋಗಿಗಳ ಕಡೆಯವರಿಗೆ ಇದು ಬೇಗ ಬಾಯಿಪಾಠವಾಯಿತು. ಬಸ್ಸಿನಲ್ಲಿ ಕೂತವರ ಹಾಗೆ, ಇವತ್ತು ಎರಡು ಸ್ಟಾಪು ಮುಂದೆ ಹೋದೆವು, ನಿಮ್ಮದೇಕೆ ಇನ್ನೂ ನಿಂತಲ್ಲೇ ನಿಂತಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಕಿಟಕಿಯೇ ಕೊನೆಯ ಸ್ಟಾಪು, ಅಲ್ಲಿಳಿದರೆ ಮನೆ ಎಂಬ ನಂಬಿಕೆ.

ಅಕ್ಕನ ಮನೆಯವರಿಗಂತೂ ಈ ನಂಬಿಕೆ ಸಲೀಸಾಗಿ ಹಿಡಿಯಿತು. ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು ತಮ್ಮ. ಪ್ರಾಯದಿಂದ ಮುಪ್ಪಿನವರೆಗೆ ಅವನು ನೋಡಿದ್ದು ಆವಿಯ ಒತ್ತಡ ತೋರಿಸುವ ಒಂದೇ ಒಂದು ಮುಳ್ಳನ್ನು. ಮುಳ್ಳು ಕೆಂಪು ಗೆರೆಯತ್ತ ಏರಿದರೆ ಎದೆ ಡವಡವ. ಇಳಿದರೆ ಬೀಡಿ ಹಚ್ಚಲು ಪುರುಸೊತ್ತು. ಆಸ್ಪತ್ರೆಯಲ್ಲೂ ದಿನಾ ಬೆಳಿಗ್ಗೆ ಮಗನನ್ನು ಅವನು ಕೇಳುತ್ತಿದ್ದದ್ದು, "ಮುಳ್ಳು ಎಲ್ಲಿದೆಯೋ?" ಎಂದೇ. ಇಪ್ಪತ್ತನಾಲ್ಕು ಸಾವಿರ ಇದ್ದದ್ದು ಹದಿನಾರಾಯಿತು, ಹದಿನಾರು ಎಂಟಾಯಿತು. ಎಂಟೆಂದರೆ ಗಟ್ಟಿಮುಟ್ಟಾದವರ ಲೆಕ್ಕ ಎಂದು ಯಾರೋ ಹೇಳಿದರು. ಎಂಟು ಎರಡಾದಾಗ, ಅಷ್ಟು ಒಳ್ಳೆಯದಾದರೆ ಇದು ಇನ್ನೂ ಒಳ್ಳೆಯದು ಎಂದುಕೊಂಡರು. ತಮ್ಮನೂ ಹೆಬ್ಬೆರಳೆತ್ತಿ ತೋರಿಸಿದ. ಮಾತಾಡಲು ಅವನಿಗೆ ಉಸಿರು ಸಾಲುತ್ತಿರಲಿಲ್ಲ.

ಅದೊಂದನ್ನು ಅಕ್ಕ ನೋಡಿದ್ದಳು. ಲೆಕ್ಕ ಇಳಿದರೂ ಏದುಸಿರು ಇಳಿದಿರಲಿಲ್ಲ. ಕಮ್ಮಾರನ ತಿದಿಯ ಹಾಗೆ ಎದೆ ಎದ್ದು ಬೀಳುತ್ತಿತ್ತು. ಕೈಕಾಲು ತಣ್ಣಗಿದ್ದವು. ಹಿಂದಿನ ಸಂಜೆ ಅವಳನ್ನು ನೋಡಿ ಅಮ್ಮಾ ಎಂದಿದ್ದ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದವಳು ಅಕ್ಕನೇ ಆದ್ದರಿಂದ ಅವಳಿಗೆ ಅದು ಕೇಳಲು ಹಿತವೂ ಆಗಿತ್ತು, ಭಯವೂ ಆಗಿತ್ತು. ಸಿಸ್ಟರಿಗೆ ಹೇಳಿದಳು. ಲೆಕ್ಕ ಚೆನ್ನಾಗಿದೆಯಲ್ಲ, ಆಯಾಸ ಇರುತ್ತದೆ, ಮಲಗಲು ಬಿಡಿ ಎಂದು ಸಿಸ್ಟರು ಹೇಳಿದಳು. ಅಕ್ಕ ಬಿಟ್ಟಳು.

ಈಗ ಆಸ್ಪತ್ರೆಯ ಶವದ ಕೋಣೆಯಲ್ಲಿ ಅವನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದಳು. ಗಡ್ಡ ಬೆಳೆದಿತ್ತು. ನಿನ್ನೆ ಕ್ಷೌರ ಮಾಡಿಸೋಣವೆಂದು ಗಡಿಬಿಡಿ ಹೇಳಿದ್ದಕ್ಕೆ, ಮನೆಗೆ ಬಂದ ಮೇಲೆ ಮಾಡಿಸಿದರಾಯಿತು ಎಂದವಳು ಇವಳೇ. ಹಣೆಯ ಮೇಲೆ ಕೈಯಿಟ್ಟಳು. ದೇವರ ಹೆಸರು ಹೇಳಬೇಕೆಂದು ಬಾಯಿ ತೆರೆದಳು. ದಿನಕ್ಕೆ ನೂರು ಸಲ ತಾನಾಗಿ ಬರುತ್ತಿದ್ದ ಹೆಸರು ಈಗ ಬರಲಿಲ್ಲ.

ಹೊರಗಿನ ಕಾರಿಡಾರಿನಲ್ಲಿ ಚಿಕ್ಕ ಡಾಕ್ಟರಮ್ಮ ಕಾಯುತ್ತಿದ್ದಳು. ಇನ್ನೂ ಕಲಿಯುತ್ತಿರುವ ಹುಡುಗಿ, ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಒಳ್ಳೆಯ ಮನಸ್ಸಿನಿಂದಲೇ ಸಮಾಧಾನ ಹೇಳಲು ಬಂದಳು. ನಿಮ್ಮಿಂದ ಏನೂ ತಪ್ಪಾಗಿಲ್ಲ ಅಮ್ಮ, ಬಿಳಿ ಕಣ ಅಷ್ಟು ಕೆಳಕ್ಕೆ ಬಿದ್ದ ಮೇಲೆ ಉಳಿಯುವುದು ಕಷ್ಟವೇ ಇತ್ತು ಎಂದಳು.

ಅಕ್ಕ ಅವಳ ಮುಖ ನೋಡಿದಳು.

"ಬಿದ್ದ ಮೇಲೆ ಅಂದ್ರೆ? ಇಳಿದ್ರೆ ಒಳ್ಳೇದಲ್ವಾ?"

ಹುಡುಗಿ ಹೇಳಿದಳು. ಬಿಳಿ ಕಣಗಳೆಂದರೆ ಮೈಯ ಕಾವಲಿನವರು. ಸೋಂಕು ಬಂದಾಗ ಹೆಚ್ಚುತ್ತಾರೆ. ರೋಗಿ ಚೇತರಿಸಿಕೊಳ್ಳುತ್ತ ಮೆಲ್ಲಗೆ ಇಳಿದರೆ ಒಳ್ಳೆಯದು. ಆದರೆ ಉಸಿರು ಸುಧಾರಿಸದೆ ಲೆಕ್ಕ ಮಾತ್ರ ದಿಢೀರನೆ ತಳಕ್ಕೆ ಹೋದರೆ, ಕಾವಲಿನವರು ಮುಗಿದುಹೋದರು, ಹೊಸಬರನ್ನು ಕಳಿಸಲು ಮೈಗೆ ಶಕ್ತಿಯಿಲ್ಲ ಎಂದು ಅರ್ಥ. ಜೋರಾದ ನ್ಯುಮೋನಿಯಾದಲ್ಲಿ ಲೆಕ್ಕ ಹೆಚ್ಚಿರುವವರಿಗಿಂತ ಹೀಗೆ ಬಿದ್ದವರನ್ನು ಕಂಡರೆ ನಮಗೆ ಹೆಚ್ಚು ಭಯ ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ತಾನೇನು ಹೇಳುತ್ತಿದ್ದೇನೆಂದು ಅವಳಿಗೇ ಆಗ ಕೇಳಿಸಿರಬೇಕು.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಅಕ್ಕ ಕೇಳಿದಳು.

"ಪುಸ್ತಕದಲ್ಲೇ ಇದೆ ಅಮ್ಮ."

"ಪುಸ್ತಕದಲ್ಲಿ ಇದ್ದದ್ದು ನನ್ನ ತಮ್ಮನ ಮಂಚದ ಹತ್ರ ಯಾಕೆ ಬರಲಿಲ್ಲ?"

ಗಡಿಬಿಡಿ ಅತ್ತೆಯ ತೋಳು ಹಿಡಿದು, ಆದದ್ದು ಆಯಿತು ಬನ್ನಿ, ಅಪ್ಪನನ್ನು ಕರೆದುಕೊಂಡು ಹೋಗಬೇಕು ಎಂದ. ಆದದ್ದು ಆಯಿತು ಎಂಬ ಮಾತು ಅಕ್ಕನ ಮೈಯಲ್ಲಿ ಬೆಂಕಿಯ ಕಡ್ಡಿ ಗೀರಿದಂತಾಯಿತು. ಅವಳ ಸಿಟ್ಟು ಆಗ ಯಾರನ್ನೂ ಬಿಡಲಿಲ್ಲ. ಹೆಬ್ಬೆರಳೆತ್ತಿದ ತಮ್ಮನ ಮೇಲೂ ಬಂತು. ಕೆಳಗೆ ಬೆಂಕಿ ಧಗಧಗ ಉರಿಯುತ್ತಿದ್ದೂ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಊಟ ಬಿಟ್ಟು ಕಾರ್ಖಾನೆಗೆ ಓಡುತ್ತಿದ್ದವನು ನೀನೇ ಅಲ್ಲವೇನೋ, ನಿನ್ನ ಮೈಯ ಮುಳ್ಳು ಇಳಿದಾಗ ಹೇಗೋ ನಗುತ್ತ ಮಲಗಿದೆ ಎಂದು ಮನಸ್ಸಿನಲ್ಲೇ ಅವನನ್ನು ಬೈದಳು. ಬೈಯುವಾಗ ಕಣ್ಣು ಒದ್ದೆಯಾಯಿತು. ಅದನ್ನೂ ಸಿಟ್ಟಿನಿಂದಲೇ ಒರೆಸಿಕೊಂಡಳು.

ತಮ್ಮನ ಕನ್ನಡಕ, ಚಪ್ಪಲಿ ವಾರ್ಡಿನಲ್ಲೇ ಉಳಿದಿದ್ದವು. ಅವನ್ನು ತರಲು ಅವಳೇ ಒಳಗೆ ಹೋದಳು.

ಒಳಗೆ ಮಂಚಗಳ ಸ್ಥಾನ ಆಗಲೇ ಬದಲಾಗಿತ್ತು. ಕಿಟಕಿಯ ಪಕ್ಕದ ಜಾಗ ಖಾಲಿ ಇರಲಿಲ್ಲ. ತಮ್ಮನ ಮಂಚ ನಿಂತಿದ್ದ ಕಡೆ ಈಗ ಮೀನಿನ ಲಾರಿಯ ಡ್ರೈವರನ ಮಂಚ ನಿಂತಿತ್ತು. ಇಷ್ಟು ದಿನ ತಮ್ಮನ ಆಸುಪಾಸಿನಲ್ಲೇ ಇದ್ದವನು, ಗಡಿಬಿಡಿಗಿಂತ ಚಿಕ್ಕವನು. ಅವನ ಹೆಂಡತಿ ಅವನ ತಲೆ ಬಾಚುತ್ತಿದ್ದಳು. ಅಕ್ಕನನ್ನು ಕಂಡು ಬಾಚಣಿಗೆ ಕೆಳಗಿಟ್ಟು, ಅಜ್ಜೀ ಎಂದು ಬಂದು ಕೈ ಹಿಡಿದುಕೊಂಡು ಅತ್ತಳು. ನಿಜವಾದ ಅಳು ಅದು. ಆದರೆ ಆ ಅಳುವಿನ ಹಿಂದೆ ಒಂದು ಸಂತೋಷ ಇತ್ತು. ಎಷ್ಟು ಮುಚ್ಚಿದರೂ ಮಡಿಲಲ್ಲಿ ಕಟ್ಟಿಕೊಂಡ ಕೆಂಡದ ಹಾಗೆ ಹೊರಗೆ ಕಾಣುತ್ತಿತ್ತು.

ಅಕ್ಕ ಕೇಳಿದಳು, ನಿನ್ನ ಗಂಡನ ಲೆಕ್ಕ ಎಷ್ಟಿದೆಯೇ ಎಂದು. ಮೂರು ಸಾವಿರ ಎಂದಳು ಆಕೆ. ನಿನ್ನೆ? ಒಂಬತ್ತು. ಅಕ್ಕ ಡ್ರೈವರನ ಪಾದ ಮುಟ್ಟಿ ನೋಡಿದಳು. ಕಂಬಳಿಯ ಒಳಗಿದ್ದ ಪಾದ ಕಲ್ಲಿನ ಹಾಗೆ ತಣ್ಣಗಿತ್ತು. ಅವನ ಎದೆ ಎದ್ದೆದ್ದು ಬೀಳುತ್ತಿತ್ತು.

ಆ ಕ್ಷಣದಿಂದ ಅವಳಿಗೆ ಬೇಕಾದದ್ದು ಒಂದೇ ಆಯಿತು: ಈ ಹುಡುಗನನ್ನು ಈ ಕಿಟಕಿಯಿಂದ ಆಚೆ ತೆಗೆಯಬೇಕು.

ನೇರ ಮೇಜಿನ ಬಳಿಗೆ ಹೋಗಿ ಹಿರಿಯ ಸಿಸ್ಟರಿಗೆ ಹೇಳಿದಳು. ಹಿರಿಯ ಸಿಸ್ಟರು ಕೆಟ್ಟವಳಲ್ಲ. ಒಬ್ಬಳೇ ನಾಲ್ವರ ಕೆಲಸ ಮಾಡುತ್ತಿದ್ದವಳು. ಮೊದಲು ಸಂತಾಪ ಹೇಳಿದಳು, ಕುರ್ಚಿ ತೋರಿಸಿದಳು, ನೀರು ಕೊಟ್ಟಳು. ಆಮೇಲೆ ಗೋಡೆಯತ್ತ ಕೈ ತೋರಿಸಿ, ಇದು ನಾನು ಬರೆದದ್ದಲ್ಲ, ನನಗಿರುವ ಅಪ್ಪಣೆ ಇದು, ದೊಡ್ಡ ಡಾಕ್ಟರು ಬಂದಾಗ ಹೇಳಿ ನೋಡುತ್ತೇನೆ ಎಂದಳು. ದೊಡ್ಡ ಡಾಕ್ಟರು ಯಾವಾಗ ಬರುತ್ತಾರೆ? ಮೀಟಿಂಗಿನಲ್ಲಿದ್ದಾರೆ. ಬಂದರೂ ಅವರು ನೋಡುವುದು ಈ ತುದಿಯಿಂದ ತಾನೆ?

ಅಕ್ಕ ನೀರನ್ನು ಕುಡಿಯದೆ ಮೇಜಿನ ಮೇಲಿಟ್ಟು ಕಿಟಕಿಯ ಕಡೆ ವಾಪಸು ಹೋದಳು. ಮಂಚದ ಕಾಲಿನ ಹತ್ತಿರ ಬಗ್ಗಿ ಗಾಲಿಯ ಕೊಕ್ಕೆ ಎತ್ತಿದಳು. ವಾರಗಟ್ಟಲೆ ಆಯಾಗಳು ಮಾಡುವುದನ್ನು ನೋಡಿದ್ದಳು, ಅದೇನು ದೊಡ್ಡ ವಿದ್ಯೆಯಲ್ಲ. ನಂತರ ಎರಡೂ ಕೈಯಿಂದ ಕಂಬಿ ಹಿಡಿದು ತಳ್ಳಿದಳು. ಮಂಚ ಕಿರ್ರೆಂದು ಒಂದು ಗೇಣು ಸರಿದು ನಿಂತಿತು.

ಡ್ರೈವರನ ಹೆಂಡತಿ ಹೌಹಾರಿ ಅಡ್ಡ ಬಂದಳು. ಏನು ಮಾಡುತ್ತಿದ್ದೀರಿ, ಕಿಟಕಿ ಸಿಕ್ಕಲಿ ಎಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೇನೆ ಗೊತ್ತೇ ಎಂದಳು. ಅಕ್ಕನಿಗೆ ಸುತ್ತಿಬಳಸಿ ಹೇಳುವ ತಾಳ್ಮೆ ಉಳಿದಿರಲಿಲ್ಲ. ಈ ಲೆಕ್ಕ ಇಷ್ಟು ಕೆಳಗೆ ಬೀಳುವುದು ಒಳ್ಳೆಯದಲ್ಲ, ಸಾವಿನ ಲಕ್ಷಣ, ನನ್ನ ತಮ್ಮನೂ ಹೀಗೆಯೇ ಹೋದ ಎಂದು ಬಾಯಿಬಿಟ್ಟು ಹೇಳಿಬಿಟ್ಟಳು.

ಆ ಹೆಂಗಸಿನ ಮುಖ ಬಿಳಿಚಿತು, ಮರುಗಳಿಗೆಗೆ ಕೆಂಪಾಯಿತು.

"ನಿಮ್ಮೋರು ಹೋದ್ರು ಅಂತ ನನ್ನೋರಿಗೆ ಶಾಪ ಹಾಕ್ಬೇಡಿ ಅಜ್ಜಿ."

ಹೊಡೆದ ಹಾಗಾಯಿತು ಅಕ್ಕನಿಗೆ. ಒಂದು ನಿಮಿಷ ಅವಳಿಗೂ ಅನುಮಾನ ಬಂತು. ತನ್ನ ಹೊಟ್ಟೆಯುರಿಯನ್ನೇ ತಾನು ಬುದ್ಧಿ ಎಂದುಕೊಳ್ಳುತ್ತಿದ್ದೇನೆಯೇ? ತನ್ನ ಮನೆಯ ದೀಪ ಆರಿದ್ದಕ್ಕೆ ಪಕ್ಕದ ಮನೆಯ ದೀಪ ಊದಲು ಬಂದಿದ್ದೇನೆಯೇ? ಆದರೆ ಕೈಗೆ ತಾಕಿದ ಆ ಪಾದದ ತಣುಪು ಸುಳ್ಳಾಗಿರಲಿಲ್ಲ.

"ಶಾಪ ಅಂತಲೇ ತಿಳ್ಕೋ," ಎಂದಳು. "ಒಂದು ಸಲ ಅವನನ್ನ ಹೆಸರು ಹಿಡಿದು ಕರಿ. ಉತ್ತರ ಕೊಟ್ರೆ ನಾನು ಇಲ್ಲಿಂದ ಹೋಗ್ತೀನಿ, ನಿನ್ನ ಕಣ್ಣಿಗೆ ಮತ್ತೆ ಬೀಳಲ್ಲ."

ಹೆಂಡತಿ ಬಗ್ಗಿ ಕರೆದಳು. ಕೆನ್ನೆ ತಟ್ಟಿ ಕರೆದಳು. ಅವನು ಕಣ್ಣು ಅರ್ಧ ತೆರೆದು, ಕ್ಲಚ್ಚು ಹಿಡೀತಿಲ್ಲ, ಗಾಡಿ ನಿಲ್ಲಿಸು ಎಂದು ಗೊಣಗಿ ಮತ್ತೆ ಮುಚ್ಚಿದ. ಆ ಮಾತಿಗೆ ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರೇನೋ. ಆಕೆ ಅಕ್ಕನ ಮುಖ ನೋಡಿದಳು, ಮಂಚದ ಇನ್ನೊಂದು ಬದಿಗೆ ಹೋಗಿ ಕಂಬಿ ಹಿಡಿದಳು.

ಇಬ್ಬರೂ ತಳ್ಳಿಕೊಂಡು ಹೊರಟರು. ಸಾಲಿನ ನಡುವೆ ಜಾಗ ಇಕ್ಕಟ್ಟು. ಮಂಚ ಒಂದಕ್ಕೆ ತಾಗಿತು, ಮತ್ತೊಂದಕ್ಕೆ ತಾಗಿತು. ರೋಗಿಗಳು ತಲೆಯೆತ್ತಿ ನೋಡಿದರು. ಲಾರಿ ಹಿಂದಕ್ಕೆ ಹೊರಟಿದೆಯಲ್ಲ, ರಿವರ್ಸ್ ಬಿದ್ದಿದೆ ಎಂದು ಯಾರೋ ಮೆಲ್ಲಗೆ ಹೇಳಿದರು. ಬಾಗಿಲಲ್ಲಿ ಬಂದು ನಿಂತಿದ್ದ ಗಡಿಬಿಡಿ ನಾಚಿಕೆಯಿಂದ ಕುಗ್ಗಿಹೋಗಿ, ಅತ್ತೆ, ಎಲ್ಲರೂ ನೋಡುತ್ತಿದ್ದಾರೆ ಎಂದ. ನೋಡಲಿ ಎಂದೇ ತಳ್ಳುತ್ತಿದ್ದೇನೆ, ಇಷ್ಟು ದಿನ ಯಾರೂ ನೋಡದೆ ಇದ್ದದ್ದಕ್ಕೇ ನಿನ್ನಪ್ಪ ಹೋದ ಎಂದಳು ಅಕ್ಕ. ಗಡಿಬಿಡಿ ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಮುಂದೆ ಬಂದು ತಾನೂ ಕೈ ಹಾಕಿದ. ಆಮೇಲೆ ಮಂಚ ಸರಾಗವಾಗಿ ಓಡಿತು.

ಮೇಜಿನ ಬಳಿಯ ಮೊದಲ ಜಾಗದಲ್ಲಿ ಗುತ್ತಿಗೆದಾರನೊಬ್ಬನಿದ್ದ. ಇಪ್ಪತ್ತು ಸಾವಿರದ ಮನುಷ್ಯ. ದಿಂಬಿಗೊರಗಿ ಕೂತು, ಚಹಾ ಆರಿಹೋಗಿದೆ ಎಂದು ಆಯಾಳ ಹತ್ತಿರ ಜಗಳವಾಡುತ್ತಿದ್ದ. ಅವನಿಗೆ ಎದುರಾಗಿ ಮಂಚವನ್ನು ತಂದು ನಿಲ್ಲಿಸುವ ಹೊತ್ತಿಗೆ ಹಿರಿಯ ಸಿಸ್ಟರು ಎದ್ದು ನಿಂತಿದ್ದಳು, ಕಾವಲುಗಾರನಿಗೆ ಹೇಳಿ ಕಳಿಸಿದ್ದಳು. ಕಾವಲುಗಾರನಿಗಿಂತ ಮೊದಲು ದೊಡ್ಡ ಡಾಕ್ಟರೇ ಬಂದರು. ಹಿಂದೆ ಚಿಕ್ಕ ಡಾಕ್ಟರಮ್ಮ ಇದ್ದಳು. ಮೀಟಿಂಗಿಗೆ ಹೋಗಿ ಅವರನ್ನು ಎಬ್ಬಿಸಿಕೊಂಡು ಬಂದವಳು ಅವಳೇ ಎಂದು ಅಕ್ಕನಿಗೆ ಆಮೇಲೆ ತಿಳಿಯಿತು.

ದೊಡ್ಡ ಡಾಕ್ಟರು ನರೆತ ತಲೆಯ, ಇಸ್ತ್ರಿ ಮುರಿಯದ ಬಟ್ಟೆಯ, ಮೆಲುದನಿಯ ಮನುಷ್ಯ. ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ ತಾಯಿ ಎಂದರು. ಆದರೆ ಇದು ಆಸ್ಪತ್ರೆ, ಇಲ್ಲಿ ಒಂದು ಕ್ರಮವಿದೆ, ಆ ಕ್ರಮದಿಂದ ಈ ಚಳಿಗಾಲದಲ್ಲಿ ಎಷ್ಟೋ ಜನ ಉಳಿದಿದ್ದಾರೆ ಎಂದರು. ಅದು ಸುಳ್ಳೂ ಆಗಿರಲಿಲ್ಲ. ನಾವು ಲೆಕ್ಕವೊಂದನ್ನೇ ನೋಡಿ ಯಾವುದನ್ನೂ ತೀರ್ಮಾನಿಸುವುದಿಲ್ಲ ಎಂದೂ ಹೇಳಿದರು.

"ಮಂಚ ಯಾವುದನ್ನ ನೋಡಿ ಸರಿಯುತ್ತೆ ಹಾಗಾದ್ರೆ?" ಎಂದಳು ಅಕ್ಕ.

ದೊಡ್ಡ ಡಾಕ್ಟರು ಗೋಡೆಯ ಮೇಲಿನ ತಮ್ಮದೇ ಅಕ್ಷರಗಳನ್ನು ಮೊದಲ ಸಲ ಓದುವವರ ಹಾಗೆ ನೋಡಿದರು. ಹೆಚ್ಚು ಇದ್ದವರು ಇಲ್ಲಿ, ಕಡಿಮೆ ಇದ್ದವರು ಅಲ್ಲಿ. ತೀರಾ ಕಡಿಮೆಯಾದವರು ಎಲ್ಲಿ ಎಂಬುದನ್ನು ಬರೆಯಲು ಮರೆತಿದ್ದರು. ತೀರಾ ಇಳಿದರೆ ಅಪಾಯ ಎಂಬುದು ಪಾಠ ಹೇಳುವಾಗ ಅವರೇ ವಿದ್ಯಾರ್ಥಿಗಳಿಗೆ ಒತ್ತಿ ಒತ್ತಿ ಹೇಳುವ ಮಾತು. ಆದರೆ ಪಾಠದ ಕೋಣೆ ಮೇಲಿನ ಮಹಡಿಯಲ್ಲಿತ್ತು, ವಾರ್ಡು ಕೆಳಗಿತ್ತು. ಮಂಚ ತಳ್ಳುವವರಿಗೆ ಪಾಠವಿರಲಿಲ್ಲ, ಪಾಠ ಹೇಳುವವರು ಮಂಚ ತಳ್ಳುತ್ತಿರಲಿಲ್ಲ.

ಚಿಕ್ಕ ಡಾಕ್ಟರಮ್ಮ ಆಗ ಬಾಯಿಬಿಟ್ಟಳು. "ಸರ್, ಇವರಿಗೆ ನಿನ್ನೆ ಒಂಬತ್ತಿತ್ತು. ಇವತ್ತು ಮೂರು."

ದೊಡ್ಡ ಡಾಕ್ಟರು ಮುಂದೆ ಬಂದರು. ಡ್ರೈವರನ ಉಗುರು ನೋಡಿದರು, ಪಾದ ಮುಟ್ಟಿದರು, ಎದೆಯ ಮೇಲೆ ಸ್ಟೆತಸ್ಕೋಪಿಟ್ಟು ಬಹಳ ಹೊತ್ತು ಕೇಳಿದರು. ತಲೆಯೆತ್ತಿದಾಗ ಅವರ ಮುಖ ಬೇರೆಯೇ ಆಗಿತ್ತು. ಅಲ್ಲಿಂದ ಎಲ್ಲವೂ ಚುರುಕಾಯಿತು. ಯಾರೋ ಆಕ್ಸಿಜನ್ ಮುಖವಾಡ ತಂದರು, ಯಾರೋ ಐಸಿಯುವಿಗೆ ಫೋನು ಮಾಡಿದರು, ಜಾಗವಿಲ್ಲ ಎಂದದ್ದಕ್ಕೆ ದೊಡ್ಡ ಡಾಕ್ಟರು ಮಾಡಿ ಎಂದು ಗದರಿದರು. ನೋಡನೋಡುತ್ತಲೇ ಮಂಚ ಬಾಗಿಲಾಚೆ ಹೋಯಿತು. ಹೆಂಡತಿ ಚಪ್ಪಲಿಯನ್ನೂ ಮರೆತು ಅದರ ಹಿಂದೆ ಓಡಿದಳು.

ದೊಡ್ಡ ಡಾಕ್ಟರೂ ಹೊರಟರು. ಅಕ್ಕ ದಾರಿಗೆ ಅಡ್ಡ ನಿಂತಳು.

"ನನ್ನ ತಮ್ಮನ ವಿಷಯ ನೀವು ಏನೂ ಹೇಳ್ಲಿಲ್ಲ."

ಅವರು ನಿಂತರು. ಅವರ ಸ್ಥಿತಿ ತುಂಬಾ ಕಠಿಣವಾಗಿತ್ತು, ನಿನ್ನೆಯೇ ಐಸಿಯುವಿಗೆ ಒಯ್ದಿದ್ದರೂ ಉಳಿಯುತ್ತಿದ್ದರು ಎಂದು ಯಾರೂ ಹೇಳಲಾರರು ಎಂದರು.

"ಉಳೀತಿದ್ನಾ ಅಂತ ಕೇಳ್ಲಿಲ್ಲ ನಾನು. ಅದು ದೇವರ ಕೈಲಿ. ನೀವು ನೋಡ್ತಿದ್ರಾ ಅಂತ ಕೇಳ್ತಿದೀನಿ."

ದೊಡ್ಡ ಡಾಕ್ಟರು ಸ್ಟೆತಸ್ಕೋಪನ್ನು ಕತ್ತಿನಿಂದ ತೆಗೆದು ಕೈಯಲ್ಲಿ ಮಡಚಿಕೊಂಡರು.

"ನೋಡ್ತಿದ್ದೆ," ಎಂದರು. "ಈ ತುದೀಲಿ ಇದ್ದಿದ್ರೆ ನೋಡ್ತಿದ್ದೆ."

ಅಕ್ಕ ದಾರಿ ಬಿಟ್ಟಳು. ಕೇಳಬೇಕೆಂದಿದ್ದ ಮಾತು ಕೇಳಿದ್ದಾಯಿತು. ಕೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಹುಣ್ಣನ್ನು ಕೀರಿ ಕೀವು ತೆಗೆದರೂ ನೋವು ಹಾಗೆಯೇ ಉಳಿದ ಹಾಗಿತ್ತು.

ತಮ್ಮನನ್ನು ಮಣ್ಣಿಗೆ ಕೊಟ್ಟು ಬಂದರು. ಕಾರ್ಖಾನೆಯವರು ಬಂದಿದ್ದರು, ಬೀದಿಯವರು ಬಂದಿದ್ದರು. ಬಂದವರೆಲ್ಲ ಹೇಳುವ ಮಾತನ್ನೇ ಹೇಳಿದರು, ದೇವರ ಇಚ್ಛೆ ಎಂದು. ಬೇರೆಯವರ ಮನೆಯ ಸಾವಿಗೆ ಅಕ್ಕನೂ ಆ ಮಾತನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಈಗ ಕೇಳಲಾಗಲಿಲ್ಲ. "ದೇವರ ತಲೆಗೆ ಕಟ್ಟಬೇಡಿ. ಮಂಚ ತಳ್ಳಿದ್ದು ದೇವರಲ್ಲ," ಎಂದುಬಿಟ್ಟಳು. ಹೇಳಿದವರು ಕೈಮುಗಿದು ಎದ್ದುಹೋದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಮೆಟ್ಟಿಲಿಳಿಯುತ್ತ ಮಾತಾಡಿಕೊಂಡದ್ದು ಅವಳ ಕಿವಿಗೂ ಬಿತ್ತು.

ಗಡಿಬಿಡಿ ಮಾತ್ರ ಹತ್ತಿರ ಸುಳಿದಾಡಿಕೊಂಡೇ ಇದ್ದ. ಲೆಕ್ಕ ಇಳಿದಿದೆ ಎಂದು ಊರಿಗೆಲ್ಲ ಸಾರಿದವನು ನಾನೇ ಅಲ್ಲವೇ ಅತ್ತೆ ಎಂದು ಒಂದು ಸಂಜೆ ಕೇಳಿದ. ಅಕ್ಕನ ನಾಲಿಗೆಯ ತುದಿಯಲ್ಲಿ ಖಾರದ ಮಾತು ಇತ್ತು. ಅವನ ಮುಖ ನೋಡಿ ನುಂಗಿದಳು. ನಿನಗೆ ಹೇಳಿದವರು ಹಾಗೆ ಹೇಳಿದರು, ನೀನು ಸಾರಿದೆ, ನಾನು ನಂಬಿದೆ, ಹೋಗಿ ಮುಖ ತೊಳೆ ಎಂದಳು.

ಆದರೆ ದೇವರ ಹತ್ತಿರ ಮಾತು ಬಿಟ್ಟಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಕಣ್ಣುಮುಚ್ಚಿ ಕೂರುವುದು ನಿಂತಿತು. ಆ ಹೊತ್ತಿಗೆ ಸುಮ್ಮನೆ ಅಂಗಡಿಗೆ ಬಂದು ಧೂಳು ಹೊಡೆಯುತ್ತಿದ್ದಳು. ಒಂದೇ ಮನೆಯಲ್ಲಿದ್ದು ಮುನಿಸಿಕೊಂಡ ಗಂಡಹೆಂಡಿರ ಹಾಗೆ ಅವಳೂ ಅವಳ ದೇವರೂ ಮುಖ ತಿರುಗಿಸಿಕೊಂಡು ಇದ್ದರು.

ಚಳಿ ಕಡಿಮೆಯಾಗುವ ಹೊತ್ತಿಗೆ ಡ್ರೈವರನ ಹೆಂಡತಿ ಅಂಗಡಿ ಹುಡುಕಿಕೊಂಡು ಬಂದಳು. ಸೊರಗಿಹೋಗಿದ್ದಳು. ಗಂಡ ಬಹಳ ದಿನ ಯಂತ್ರದ ಉಸಿರಿನಲ್ಲಿದ್ದನಂತೆ, ಆಸೆ ಬಿಡಿ ಎಂದು ಒಂದು ಸಲ ಹೇಳಿಯೂ ಇದ್ದರಂತೆ. ಈಗ ಎದ್ದು ಕೂತಿದ್ದಾನೆ, ಮೊದಲು ಕೇಳಿದ್ದು ಲಾರಿ ಯಾರು ಓಡಿಸುತ್ತಿದ್ದಾರೆ ಎಂದು, ಹೆಂಡತಿ ಹೇಗಿದ್ದಾಳೆ ಎಂದಲ್ಲ ಎಂದು ಹೇಳಿ ನಕ್ಕಳು. ಗೋಡೆಯ ನಿಯಮ ಇನ್ನೂ ಇದೆಯೇ ಎಂದು ಅಕ್ಕ ಕೇಳಿದಳು. ಇದೆ, ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾರೆ ಎಂದಳು ಆಕೆ: ತೀರಾ ಕಡಿಮೆ ಇದ್ದವರೂ ಮೇಜಿನ ಬಳಿಗೇ.

ಒಂದು ಸಾಲು. ಅದನ್ನು ಬರೆಸಲು ಒಂದು ಹೆಣ ಬೇಕಾಯಿತು ಎಂದುಕೊಂಡಳು ಅಕ್ಕ.

ಆಮೇಲೆ ಆ ಹೆಂಗಸು ಬಗ್ಗಿ ಅಕ್ಕನ ಕಾಲು ಮುಟ್ಟಿದಳು. ಆವತ್ತು ಆಡಿದ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಿ ಅಜ್ಜಿ ಎಂದಳು. ಅಕ್ಕ ಅವಳನ್ನು ಎತ್ತಿ ನಿಲ್ಲಿಸಿದಳು, ಚೆನ್ನಾಗಿರಿ ಎಂದಳು. ಬಾಯಿ ಹಾಗೆಂದಾಗ ಒಳಗಿನಿಂದ ಇನ್ನೊಂದು ಎದ್ದು ಬಂತು: ಅವನು ಉಳಿದ, ನನ್ನವನೇಕೆ ಉಳಿಯಲಿಲ್ಲ? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಆ ಪ್ರಶ್ನೆ ಹೋಗಲಿಲ್ಲ. ಆ ಹೆಂಗಸು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಕಟ್ಟೆಯ ಮೇಲೆ ನಿಂತೇ ಇದ್ದಳು. ಈ ಪ್ರಶ್ನೆಯನ್ನು ದೊಡ್ಡ ಡಾಕ್ಟರ ಹತ್ತಿರ ಕೇಳುವ ಹಾಗಿರಲಿಲ್ಲ, ಗಡಿಬಿಡಿಯ ಹತ್ತಿರ ಕೇಳುವ ಹಾಗಿರಲಿಲ್ಲ. ಕೇಳುವುದಕ್ಕೆ ಒಬ್ಬನೇ ಇದ್ದ.

ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಸ್ಟೂಲಿನ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಬಹಳ ದಿನ ಓಡಾಡದ ಕಾಲುದಾರಿಯ ಹಾಗೆ ಮೊದಲ ಮಾತು ತಡವರಿಸಿತು, ಆಮೇಲೆ ದಾರಿ ತಾನೇ ತೆರೆಯಿತು.

"ದೇವರೇ, ನಿನ್ನ ಮೇಲೆ ನನಗೆ ಸಿಟ್ಟಿದೆ. ಬಿಟ್ಟಿದೀನಿ ಅಂತ ಸುಳ್ಳು ಹೇಳಲ್ಲ. ಅದು ನನ್ನ ಹತ್ರಾನೇ ಇರಲಿ, ನಮ್ಮಿಬ್ಬರದ್ದು ಆಮೇಲೆ ನೋಡ್ಕೊಳ್ಳೋಣ. ತಮ್ಮನಿಗೂ ನನ್ನ ಸಿಟ್ಟಿಗೂ ಸಂಬಂಧ ಇಲ್ಲ. ಆ ಡ್ರೈವರ್ ಹುಡುಗನ್ನ ಉಳಿಸ್ದೆ, ಅದು ಒಳ್ಳೇದೇ ಮಾಡ್ದೆ. ನನ್ನ ತಮ್ಮ ಒಬ್ಬನೇ ಬಂದಿದಾನೆ ನಿನ್ನ ಹತ್ರ. ಬರುವಾಗ ಅವನ ಕೈ ಹಿಡ್ಕೊಳ್ಳೋಕೆ ಯಾರೂ ಇರಲಿಲ್ಲ, ನೀನು ಹಿಡ್ಕೋ. ಬಿಸಿ, ಹೊಗೆ, ಕಾವಲು, ಅವನಿಗೆ ಸಾಕಾಗಿದೆ. ಇನ್ನು ಯಾವ ಮುಳ್ಳನ್ನೂ ಅವನಿಂದ ನೋಡಿಸ್ಬೇಡ. ಅವನ ಎದೆ ತುಂಬ ಉಸಿರಾಡ್ಲಿ. ಅವನನ್ನ ನಿನ್ನ ಕಣ್ಣೆದುರೇ ಇಟ್ಕೋ, ದೂರ ಹಾಕ್ಬೇಡ. ನನ್ನ ಚಿಕ್ಕೋನಿಗೆ ಶಾಂತಿ ಕೊಡು, ತಂದೆ."